ಗೇಣುದ್ದದ ರಬ್ಬರು

ಕಾರಿಗೆ ಎಷ್ಟು ಬ್ರೇಕು ಎಂದು ಕೇಳಿದರೆ ಗಂಡಸರು ಎರಡು ಎನ್ನುತ್ತಾರೆ. ಕಾಲಿನದೊಂದು, ಕೈಯದೊಂದು. ಮೂರನೆಯದೊಂದು ಇದೆ ಎನ್ನುವುದು ಹೆಂಗಸರಿಗೆ ಮಾತ್ರ ಗೊತ್ತು. ಅದು ಮುಂದಿನ ಎಡಗಡೆ ಸೀಟಿನ ಎದುರು, ನೆಲದ ಮ್ಯಾಟಿನ ಮೇಲೆ ಇರುತ್ತದೆ. ತಿರುವಿನಲ್ಲಿ ಲಾರಿಯ ಮೂತಿ ಕಂಡೊಡನೆ ನಾವು ಅದನ್ನು ಬಲಗಾಲಿನಿಂದ ಒತ್ತಿ ಹಿಡಿಯುತ್ತೇವೆ. ಕಾರು ನಿಲ್ಲುವುದಿಲ್ಲ, ನಿಜ. ಆದರೂ ಒತ್ತದೆ ಇರಲು ಆಗುವುದಿಲ್ಲ. ನಮ್ಮ ಅತ್ತೆಯವರಂತೂ ಹಿಂದಿನ ಸೀಟಿನಲ್ಲಿ ಕೂತುಕೊಂಡೇ ಒತ್ತುತ್ತಾರೆ. ತೀರ್ಥಹಳ್ಳಿಯಿಂದ ಹೊರಟು ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಅವರ ಮೊಣಕಾಲು ಹಿಡಿದುಕೊಂಡಿರುತ್ತದೆ.

ನಾನು ಕಾರು ಕಲಿತ ಮೇಲೆ ನನ್ನ ಕಾಲಿಗೆ ನಿಜವಾದ ಬ್ರೇಕು ಸಿಕ್ಕಿತು. ಸಿಕ್ಕಿದ ಮೇಲೆ, ಒತ್ತಿದರೆ ಇದು ಹೇಗೆ ನಿಲ್ಲುತ್ತದೆ, ಯಾವ ನಂಬಿಕೆಯ ಮೇಲೆ ನಾವು ಇಷ್ಟು ಜನ ಇದರೊಳಗೆ ಕೂತು ಘಾಟಿ ಇಳಿಯುತ್ತೇವೆ ಎಂಬ ಯೋಚನೆಯೂ ಬಂತು. ನಮ್ಮದು ಪ್ರೀಮಿಯರ್ ಪದ್ಮಿನಿ. ಮಾವನವರು ಹೆಸರು ಬರೆಸಿ ವರ್ಷಗಟ್ಟಲೆ ಕಾದು 1981ರಲ್ಲಿ ತಂದದ್ದು. ಮುಂಬೈಯಲ್ಲಿ ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳೆಲ್ಲ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು ಎಂದು ಪೇಪರಿನಲ್ಲಿ ಬಂದ ದಿನ ಅತ್ತೆ, "ನಮ್ಮದು ಟ್ಯಾಕ್ಸಿ ಅಲ್ಲವಲ್ಲ" ಎಂದು ಹೇಳಿ ಪೇಪರು ಮಡಿಸಿಟ್ಟರು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ಮಾಡಿಸಬೇಕು. ಅದನ್ನು ಮಾಡಿಸುವ ತಾರೀಖು ನಮ್ಮ ಮನೆಯಲ್ಲಿ ಯಾರಿಗೆ ಮರೆತರೂ ಅವರಿಗೆ ಮರೆಯದು.

ಬ್ರೇಕಿನ ಒಳಗುಟ್ಟು ಕೇಳಿದರೆ ನಿಮಗೆ ನಗು ಬರಬಹುದು. ಅದು ಎಣ್ಣೆಯ ವ್ಯವಹಾರ. ಪೆಡಲು ಒತ್ತಿದಾಗ ಎಣ್ಣೆ ಕೊಳವೆಗಳಲ್ಲಿ ಒತ್ತಿಕೊಂಡು ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಪ್ರತಿ ಚಕ್ರದಲ್ಲೂ ಮುಚ್ಚಿದ ಪಾತ್ರೆಯಂಥ ಡ್ರಮ್ಮು. ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂ. ಎಣ್ಣೆ ನೂಕಿದಾಗ ಅವು ಅಗಲವಾಗಿ ತಿರುಗುತ್ತಿರುವ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ, ಚಕ್ರ ನಿಲ್ಲುತ್ತದೆ. ಎಣ್ಣೆಯನ್ನು ಹೀಗೆ ಬಳಸುವ ಉಪಾಯ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬಾತನದು. ನಾಲ್ಕೂ ಚಕ್ರಕ್ಕೆ ಅಂಥ ಬ್ರೇಕಿದ್ದ ಕಾರನ್ನು ಡ್ಯೂಸೆನ್‌ಬರ್ಗ್ ಕಂಪನಿ 1921ರಲ್ಲಿ ಮಾರಾಟಕ್ಕೆ ತಂದಿತು. ಹಳೆಯ ಕಾಲದ ಬ್ರೇಕ್ ಎಣ್ಣೆಯಲ್ಲಿ ಇರುತ್ತಿದ್ದುದು ಏನು ಗೊತ್ತೇ? ನಮ್ಮ ಹರಳೆಣ್ಣೆ! ಅದಕ್ಕೆ ಆಲ್ಕೋಹಾಲು ಬೆರೆಸುತ್ತಿದ್ದರಂತೆ. ಮಕ್ಕಳ ಹೊಟ್ಟೆಗೂ ಅದೇ, ಮೋಟಾರಿನ ಕಾಲಿಗೂ ಅದೇ.

ಎಣ್ಣೆ ಹೋಗುವ ಕೊಳವೆ ಬಹುಪಾಲು ಉಕ್ಕಿನದು. ಅದು ಕಾರಿನ ಹೊಟ್ಟೆಗೆ ಅಂಟಿಕೊಂಡು ಅಲುಗಾಡದೆ ಮಲಗಿರುತ್ತದೆ. ಆದರೆ ಚಕ್ರ ಹಾಗಲ್ಲವಲ್ಲ! ಗುಂಡಿಗೆ ಬಿದ್ದರೆ ಕುಣಿಯುತ್ತದೆ, ಮುಂದಿನವಾದರೆ ಎಡಕ್ಕೂ ಬಲಕ್ಕೂ ಹೊರಳುತ್ತವೆ. ಉಕ್ಕಿನ ಕೊಳವೆಯನ್ನು ನೇರ ಚಕ್ರಕ್ಕೇ ಕಟ್ಟಿದರೆ ನಾಲ್ಕು ದಿನದಲ್ಲಿ ಮುರಿದೀತು. ಅದಕ್ಕೆ ಕೊನೆಯ ಗೇಣುದ್ದ ಮಾತ್ರ ರಬ್ಬರಿನ ಕೊಳವೆ. ಅದಕ್ಕೆ ಬ್ರೇಕ್ ಹೋಸ್ ಎನ್ನುತ್ತಾರೆ. ನಮ್ಮ ಕಾರಿಗೆ ಅಂಥವು ಮೂರು. ಮುಂದಿನ ಚಕ್ರಗಳಿಗೆ ಒಂದೊಂದು, ಹಿಂದಿನ ಎರಡಕ್ಕೂ ಸೇರಿ ಒಂದು. ಈಗಿನ ಕಾರುಗಳಲ್ಲಿ ಎಣ್ಣೆಯ ದಾರಿಯನ್ನು ಎರಡು ಪಾಲು ಮಾಡಿರುತ್ತಾರೆ. ಒಂದು ಪಾಲು ಕೈಕೊಟ್ಟರೆ ಇನ್ನೊಂದು ಅರ್ಧಂಬರ್ಧವಾದರೂ ನಿಲ್ಲಿಸುತ್ತದೆ. ನಮ್ಮದರಲ್ಲಿ ಆ ಭಾಗ್ಯವಿಲ್ಲ. ಎಲ್ಲದಕ್ಕೂ ಒಂದೇ ದಾರಿ. ಮೂರು ಹೋಸುಗಳಲ್ಲಿ ಯಾವ ಒಂದು ಒಡೆದರೂ ಪೆಡಲು ಸೀದಾ ನೆಲಕ್ಕೆ.

ಗ್ಯಾಸಿನ ಒಲೆಯ ಕಿತ್ತಳೆ ಬಣ್ಣದ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂದು ನಮಗೆಲ್ಲ ಗೊತ್ತು. ಅದರ ಮೇಲೆ ವರ್ಷ ಅಚ್ಚಾಗಿರುತ್ತದೆ, ಬಗ್ಗಿ ನೋಡುತ್ತೇವೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಶಬ್ದದಲ್ಲೇ ತಿಳಿಯುತ್ತದೆ. ರಬ್ಬರಿಗೆ ವಯಸ್ಸಾಗುವುದು ಹೇಗೆ ಎಂದು ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಕಾರಿನ ಕೆಳಗಿನ ರಬ್ಬರನ್ನು ನೋಡುವವರು ಯಾರು? ಎಂಜಿನ್ ಆಯಿಲ್ ಬದಲಾಯಿಸುತ್ತಾರೆ, ಬಾಡಿಗೆ ಪಾಲಿಶ್ ಹೊಡೆಸುತ್ತಾರೆ, ಟೇಪ್ ರೆಕಾರ್ಡರ್ ಕೆಟ್ಟರೆ ಅದೇ ದಿನ ರಿಪೇರಿಯಾಗುತ್ತದೆ. ಕೆಸರು ಮೆತ್ತಿಕೊಂಡ ಗೇಣುದ್ದದ ರಬ್ಬರಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಕಳೆದ ವರ್ಷ ವೈಶಾಖದಲ್ಲಿ ನಾದಿನಿಯ ಮಗಳ ಮದುವೆ ಉಡುಪಿಯಲ್ಲಿ ನಿಶ್ಚಯವಾಗಿತ್ತು. ಮೊದಲ ಮೊಮ್ಮಗಳ ಮದುವೆ. ಅತ್ತೆಯವರಿಗೆ ಎಂಬತ್ತೆರಡು. "ನಾನು ಬರೋದು ಅವರ ಕಾರಲ್ಲೇ" ಎಂದು ಮೊದಲೇ ಹೇಳಿಬಿಟ್ಟಿದ್ದರು. ಅವರ ಕಾರು ಎಂದರೆ ಮಾವನವರದು. ನಮ್ಮ ಮನೆಯವರು ಹೂಂ ಅಂದರು. ಸೀರೆಗೆ ಫಾಲ್ ಹಾಕಿಸಿದ್ದಾಯಿತು, ಉಡುಗೊರೆಯ ಬೆಳ್ಳಿ ದೀಪ ಬಂತು. ಆ ಓಡಾಟದಲ್ಲೇ ನನಗೆ ಕಾರು ಎಡಕ್ಕೆ ಎಳೆಯುತ್ತಿದೆ ಎಂದು ಅನ್ನಿಸತೊಡಗಿದ್ದು. ಬ್ರೇಕು ಹಿಡಿದಾಗ ಅಲ್ಲ, ಬಿಟ್ಟ ಮೇಲೆ. ಕೈಹಿಡಿದ ಮಗು ಅಂಗಡಿ ಕಡೆ ಜಗ್ಗಿದ ಹಾಗೆ. ಮನೆಗೆ ಬಂದು ಇಳಿದಾಗ ಎಡಗಡೆ ಮುಂದಿನ ಚಕ್ರದ ಹತ್ತಿರ ಸುಟ್ಟ ವಾಸನೆ. ಕೈ ಸಮೀಪ ಒಯ್ದರೆ ಹಬೆಯಾಡುವ ಹೆಂಚಿನ ಮುಂದೆ ಹಿಡಿದಂತೆ ಕಾವು. ಬಲಗಡೆಯದು ಸುಮ್ಮನೆ ಉಗುರುಬೆಚ್ಚಗೆ.

"ಮೊನ್ನೆ ತಾನೇ ಸರ್ವೀಸ್ ಆಗಿದೆಯಲ್ಲೇ" ಎಂದರು ಇವರು.

ಸರ್ವೀಸ್ ಆಗಿತ್ತು, ಹೌದು. ಪಕ್ಕದ ದೊಡ್ಡ ಊರಿನ ಹೊಸ ಗ್ಯಾರೇಜಿನಲ್ಲಿ. ಕಾರನ್ನು ಅಲ್ಲಿಗೇ ಮತ್ತೆ ಒಯ್ದೆ. ಅಲ್ಲಿಯ ಹುಡುಗ ಒಂದು ಸುತ್ತು ಓಡಿಸಿಕೊಂಡು ಬಂದು, "ಬ್ರೇಕ್ ಫಸ್ಟ್ ಕ್ಲಾಸ್ ಇದೆ ಮೇಡಂ, ಹಳೇ ಗಾಡಿ ಅಂದ್ರೆ ಸ್ವಲ್ಪ ಬಿಸಿಯಾಗ್ತದೆ" ಎಂದ. ಚಕ್ರ ಎತ್ತಿ ನೋಡಬಹುದಲ್ಲ ಎಂದೆ. "ಬೇಕಾದ್ರೆ ನಿಮ್ಮ ಯಜಮಾನರನ್ನ ಕಳಿಸಿ, ಅವರಿಗೆ ಹೇಳ್ತೀನಿ" ಎಂದ. ನಮ್ಮ ಯಜಮಾನರಿಗೆ ಸೈಕಲ್ಲಿನ ಚೈನು ಹಾಕಲೂ ಬಾರದು. ಅದನ್ನು ಆ ಹುಡುಗನಿಗೆ ಹೇಳಿ ಮನೆಯ ಮರ್ಯಾದೆ ಕಳೆಯುವುದೇಕೆ ಎಂದು ಸುಮ್ಮನೆ ಬಂದೆ.

ಇಂಥವರಿಗೆ ಬರ್ತಾ ಬೆಂಜ್ ಕಥೆ ಹೇಳಬೇಕು. ಮೋಟಾರು ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಅವರ ಹೆಂಡತಿ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಹುಡುಗರಿಬ್ಬರನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಕಾರು ಹೊಡೆದುಕೊಂಡು ಹೋದಾಕೆ. ನೂರು ಕಿಲೋಮೀಟರಿನಷ್ಟು ದಾರಿ. ಅಷ್ಟು ದೂರ ಅದಕ್ಕೆ ಮೊದಲು ಯಾರೂ ಕಾರಿನಲ್ಲಿ ಹೋಗಿರಲಿಲ್ಲ. ಪೆಟ್ರೋಲಿನ ದಾರಿ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದಾಗ ದಾರಿಯಲ್ಲಿ ಒಬ್ಬ ಚಮ್ಮಾರನ ಕೈಲಿ ಅದಕ್ಕೆ ತೊಗಲು ಹೊಡೆಸಿದಳು. ಇವತ್ತಿನ ಬ್ರೇಕ್ ಲೈನಿಂಗಿನ ಮೂಲ ಅದೇ. ತವರಿಗೆ ಹೋಗುವ ಹೆಂಗಸು ದಾರಿಯಲ್ಲಿ ಏನೇನು ಕಂಡುಹಿಡಿಯುತ್ತಾಳೆ ನೋಡಿ!

ನಮ್ಮೂರಿನ ಹಳೆಯ ಮೆಕ್ಯಾನಿಕ್ ಸಾಹೇಬರು ಈಗ ಹೆಚ್ಚು ಕೆಲಸ ಒಪ್ಪಿಕೊಳ್ಳುವುದಿಲ್ಲ. ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದು, ಮಸೀದಿ, ಸಂಜೆ ಸಂತೆಬೀದಿಯಲ್ಲಿ ಒಂದು ಸುತ್ತು. ಆದರೆ ಫಿಯಟ್ ಎಂದರೆ ಬರುತ್ತಾರೆ. ಪದ್ಮಿನಿ ಎನ್ನುವ ಅಭ್ಯಾಸ ಅವರಿಗಿಲ್ಲ. ಬಂದವರು ಕಾರನ್ನು ಓಡಿಸಲೇ ಇಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಟ್ಟರು. "ಜಾಕನ್ನ ನಂಬಿ ಒಳಗೆ ತಲೆ ಹಾಕಬಾರದಮ್ಮ" ಎಂದರು. ಎಡ ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಗರ್ ಎಂದು ಕಾಲು ಸುತ್ತು ಹೋಗಿ ನಿಂತಿತು. ನನ್ನನ್ನು ಒಳಗೆ ಕೂರಿಸಿ ಒಮ್ಮೆ ಪೆಡಲು ಒತ್ತಿ ಬಿಡಲು ಹೇಳಿದರು. ನಾನು ಬಿಟ್ಟೆ, ಚಕ್ರ ಬಿಡಲಿಲ್ಲ. ಆಮೇಲೆ ಹೋಸಿನ ಮೇಲ್ತುದಿಯಲ್ಲಿ ಉಕ್ಕಿನ ಕೊಳವೆ ಸೇರುವ ನಟ್ಟನ್ನು ತುಸು ಸಡಿಲ ಮಾಡಿದರು. ಒಂದು ತೊಟ್ಟು ಎಣ್ಣೆ ಇಣುಕಿತು, ಚಕ್ರ ಹಾಗೇ ಕಚ್ಚಿಕೊಂಡಿತ್ತು. ಅದನ್ನು ಬಿಗಿದು, ಚಕ್ರದ ಹಿಂದಿರುವ ಗಾಳಿ ತೆಗೆಯುವ ನಿಪ್ಪಲ್ಲನ್ನು ಸಡಿಲಿಸಿದ್ದೇ ತಡ, ಚಿಲ್ಲೆಂದು ಎಣ್ಣೆ ಹಾರಿತು. ಚಕ್ರ ಸಲೀಸಾಗಿ ತಿರುಗಿತು.

"ತಿಳೀತಾ ಅಮ್ಮಾ?" ಎಂದರು.

ತಿಳಿಯಿತು. ಹೋಸಿನ ಮೇಲೆ ಒತ್ತಡವಿಲ್ಲ, ಕೆಳಗೆ ಇದೆ. ಅಂದರೆ ಎಣ್ಣೆ ಮಧ್ಯದ ಗೇಣುದ್ದದಲ್ಲಿ ಸಿಕ್ಕಿಬಿದ್ದಿದೆ. ಒಳಗಿನ ರಬ್ಬರು ಊದಿಯೋ ಎದ್ದುಬಂದೋ ಬಾಗಿಲಿನ ಹಾಗೆ ಆಗಿದೆ. ಕಾಲಿನ ಬಲಕ್ಕೆ ಎಣ್ಣೆ ಅದನ್ನು ದೂಡಿಕೊಂಡು ಒಳಗೆ ಹೋಗುತ್ತದೆ, ವಾಪಸು ಬರಲು ಬಲ ಸಾಲದು. ಚಕ್ರ ಬ್ರೇಕು ಹಿಡಿದುಕೊಂಡೇ ಓಡುತ್ತಿರುತ್ತದೆ. ಓಡಿ ಓಡಿ ಕಾಯುತ್ತದೆ. ಇಂಥದ್ದರಲ್ಲಿ ಘಾಟಿ ಇಳಿದರೆ ಕಥೆ ಬೇರೆ. ಈಗಿನ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನಂತೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ, ನಮ್ಮ ಕಡೆಯ ಗಾಳಿಗೆ ತೇವದ ಕೊರತೆಯೇ! ಡಾಟ್ 3 ಎನ್ನುವ ಎಣ್ಣೆ ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯಬಾರದು ಎಂದು ನಿಯಮ. ನೀರು ಸೇರಿಕೊಂಡ ಮೇಲೆ ಅದು 140ಕ್ಕೆ ಇಳಿಯಬಹುದು. ಕಾದ ಡ್ರಮ್ಮಿನ ಬದಿಯಲ್ಲಿ ಎಣ್ಣೆ ಕುದಿದರೆ ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದೇ ಕುಗ್ಗುತ್ತದೆಯೇ ಹೊರತು ಶೂ ಅಲುಗುವುದಿಲ್ಲ. ಕಾಲಿಗೆ ಹತ್ತಿಯ ದಿಂಬು ಒತ್ತಿದಂತೆ. ಹದಿನಾಲ್ಕು ತಿರುವುಗಳಲ್ಲಿ ಎಷ್ಟನೆಯದರಲ್ಲಿ ಹಾಗಾದೀತು ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಬಲಗಡೆಯದನ್ನೂ ಹಿಂದಿನದನ್ನೂ ಒರೆಸಿ ನೋಡಿದೆವು. ಹೋಸನ್ನು ಮೆಲ್ಲಗೆ ಬಗ್ಗಿಸಬೇಕು. ನೆಟ್ಟಗಿದ್ದಾಗ ಕಾಣದ ಬಿರುಕು ಬಗ್ಗಿಸಿದಾಗ ಚಳಿಗಾಲದ ಹಿಮ್ಮಡಿಯಂತೆ ಕಾಣಿಸುತ್ತದೆ. ಇನ್ನೊಬ್ಬರು ಪೆಡಲು ಒತ್ತಿ ಹಿಡಿದಾಗ ಎಲ್ಲಾದರೂ ಗುಳ್ಳೆಯಂತೆ ಉಬ್ಬುತ್ತದೆಯೋ ನೋಡಬೇಕು. ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಟೈರಿಗೆ ತಾಗುತ್ತದೆಯೋ ನೋಡಬೇಕು. ತುದಿಗಳಲ್ಲಿ ಒದ್ದೆ ಇದೆಯೇ ಎಂದು ಬೆರಳಿನಲ್ಲಿ ಮುಟ್ಟಬೇಕು. ಇಷ್ಟೇ. ಆದರೆ ಒಳಗೆ ಕಟ್ಟಿಕೊಂಡದ್ದು ಇದ್ಯಾವುದರಲ್ಲೂ ಕಾಣುವುದಿಲ್ಲ. ಕೆಟ್ಟಿದ್ದ ಎಡಗಡೆಯ ಹೋಸು ಹೊರಗಿನಿಂದ ಮೂರರಲ್ಲಿ ಎಲ್ಲಕ್ಕಿಂತ ಲಕ್ಷಣವಾಗಿತ್ತು! ಮೂರನ್ನೂ ಬದಲಾಯಿಸುವುದೆಂದು ತೀರ್ಮಾನವಾಯಿತು. "ಒಟ್ಟಿಗೆ ಹುಟ್ಟಿದವು, ಒಟ್ಟಿಗೆ ಹೋಗಲಿ" ಎಂದರು ಸಾಹೇಬರು.

ಮದುವೆಗೆ ಆರು ದಿನ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಗೆ ಮೊಬೈಲಿನಲ್ಲಿ ಫೋಟೋ ಕಳಿಸಿ ಫೋನು ಮಾಡಿದೆ. ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ಲು ಬಂತು. ಪ್ಯಾಕೆಟ್ಟು ಹೊಸದು. ಒಳಗಿನ ಹೋಸು ತೆಗೆದು ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು. ಎಷ್ಟು ವರ್ಷದಿಂದ ಅಂಗಡಿಯ ಅಟ್ಟದ ಮೇಲೆ ಕೂತಿತ್ತೋ! ರಬ್ಬರಿಗೆ ಕಾರಿನಲ್ಲಿದ್ದರೆ ಮಾತ್ರ ವಯಸ್ಸಾಗುವುದು ಎಂದೇನಿಲ್ಲವಲ್ಲ. ಮನೆಯಲ್ಲಿ ಕೂತ ಹೆಂಗಸರಿಗೂ ಆಗುತ್ತದೆ. "ಇದು ಬೇಡ" ಎಂದೆ. ಸಾಹೇಬರು ಏನೂ ಹೇಳದೆ ಅದನ್ನು ಪ್ಯಾಕೆಟ್ಟಿಗೆ ಹಾಕಿದರು. ಬೇರೆ ಅಂಗಡಿಯವರು ಹೊಸ ಮಾಲು ತರಿಸಿ ಕೊಡಲು ಹತ್ತು ದಿನ ಕೇಳಿದರು.

ಮನೆಯಲ್ಲಿ ಆ ರಾತ್ರಿ ನಡೆದದ್ದನ್ನು ವಿವರಿಸುವುದಿಲ್ಲ. ಇವರು, "ನಿಧಾನ ಹೋದರಾಯ್ತು, ಸೆಕೆಂಡ್ ಗೇರಲ್ಲೇ ಇಳಿಸ್ತೀನಿ" ಎಂದರು. ಘಾಟಿಯನ್ನು ಹತ್ತುವ ಗೇರಿನಲ್ಲೇ ಇಳಿಯಬೇಕೆನ್ನುವುದು ಸರಿಯಾದ ಮಾತೇ. ಆದರೆ ಅದು ಬ್ರೇಕು ಇದ್ದವರಿಗೆ ಹೇಳಿದ್ದು. ಅತ್ತೆಗೆ ನಾನು ಹೇಳಿದೆ, ಈ ಕಾರಿನಲ್ಲಿ ಉಡುಪಿಗೆ ಹೋಗುವುದಿಲ್ಲ ಎಂದು. "ನಾಲ್ವತ್ತು ವರ್ಷದಿಂದ ಆಗದ್ದು ಈಗ ಎಂತ ಆಗ್ತದೆ?" ಎಂದರು. ನಾನು ಉತ್ತರ ಕೊಡದೆ ಕೀಲಿಕೈಯನ್ನು ಅಕ್ಕಿ ಡಬ್ಬದೊಳಗೆ ಹಾಕಿದೆ. ಅದನ್ನು ಅವರು ನೋಡಿದರು. ನಾನು ನೋಡಿದ್ದನ್ನೂ ನೋಡಿದರು.

ಬಾಡಿಗೆ ಕಾರಿನಲ್ಲಿ ಹೋದೆವು. ಅತ್ತೆ ಮದುವೆಮನೆಯಲ್ಲಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಬಂದವರೆಲ್ಲ ಕೇಳಿದ್ದು ಒಂದೇ, "ಕಾರು ತರಲಿಲ್ವಾ?" ಅವರು ಪ್ರತಿಯೊಬ್ಬರಿಗೂ ನನ್ನ ಕಡೆ ಕೈತೋರಿಸಿ, "ಅವಳನ್ನ ಕೇಳಿ" ಎಂದರು. ನಾದಿನಿ ಕೂಡ ಊಟದ ಹೊತ್ತಿಗೆ, "ಅಮ್ಮನಿಗೆ ಇದೊಂದು ಆಸೆ ಇತ್ತು ಅತ್ತಿಗೆ" ಎಂದಳು. ಹೋಳಿಗೆ ಬಾಯಲ್ಲಿ ಹಾಗೇ ನಿಂತಿತು.

ಹೊಸ ಹೋಸುಗಳು ಬಂದದ್ದು ಮದುವೆಯಾಗಿ ಒಂದು ವಾರಕ್ಕೆ. ಈ ಸಲ ಅಚ್ಚಾಗಿದ್ದ ತಿಂಗಳು, ವರ್ಷ ಎರಡೂ ಇತ್ತೀಚಿನವು. ಹಿಂದಿನ ರಾತ್ರಿಯೇ ಸಾಹೇಬರು ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹೋಗಿದ್ದರು. ಬೆಳಗ್ಗೆ ಎರಡು ಸ್ಪ್ಯಾನರು ಹಿಡಿದು ಕೂತರು. ಒಂದರಿಂದ ಹೋಸನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ಕೊಳವೆಯ ನಟ್ಟು ತಿರುಗಿಸಬೇಕು. ಬರೀ ಒಂದರಿಂದ ಬಲ ಹಾಕಿದರೆ ಉಕ್ಕಿನ ಕೊಳವೆ ತಿರುಚಿಕೊಂಡು ಮುರಿಯುತ್ತದೆ, ಆಗ ಕೆಲಸ ಎರಡರಷ್ಟು. ಮೊದಲು ಮೇಲಿನ ತುದಿ ಬಿಡಿಸಿ, ಆಮೇಲೆ ಚಕ್ರದ ತುದಿ. ಹಾಕುವಾಗ ಚಕ್ರದ ಕಡೆಯದು ಮೊದಲು, ಹೊಸ ತಾಮ್ರದ ವಾಷರಿನೊಂದಿಗೆ. ಹೋಸು ಎಲ್ಲೂ ತಿರುಚಿಕೊಳ್ಳಬಾರದು, ಹೂಮಾಲೆಯ ಹಾಗೆ ಸಹಜವಾಗಿ ಇಳಿಬಿದ್ದಿರಬೇಕು. ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ. ಅದಕ್ಕೆ ನಾನು ಒಂದು ಬಕೆಟ್ಟು ನೀರು, ಹಳೆಯ ಪಂಚೆಯ ತುಂಡು ಇಟ್ಟುಕೊಂಡು ನಿಂತಿದ್ದೆ. ಬಿದ್ದಲ್ಲಿ ಕೂಡಲೆ ನೀರು ಹಾಕಿದರೆ ತೊಳೆದುಹೋಗುತ್ತದೆ.

ಆಮೇಲೆ ಗಾಳಿ ತೆಗೆಯುವುದು. ಇದಕ್ಕೆ ಇಬ್ಬರು ಬೇಕು. ಒಳಗೆ ನಾನು, ಕೆಳಗೆ ಸಾಹೇಬರು. ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು. ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್ಲಿಗೆ ಸಣ್ಣ ಟ್ಯೂಬು ಸಿಕ್ಕಿಸಿ ಅದರ ತುದಿ ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿಸಿದರು. ಉಪ್ಪಿನಕಾಯಿಯ ಗಾಜಿನ ಬಾಟಲಿ, ನನ್ನದೇ. "ಒತ್ತಿ." ಒತ್ತಿದೆ. "ಹಿಡಿರಿ." ಹಿಡಿದೆ. ಗುಳುಗುಳು ಗುಳ್ಳೆ. ನಿಪ್ಪಲ್ಲು ಬಿಗಿಯಾಯಿತು. "ಬಿಡಿ." ಮತ್ತೆ "ಒತ್ತಿ." ಅವರು ಬಿಗಿಯುವ ಮೊದಲು ನಾನು ಕಾಲು ತೆಗೆದರೆ ಗಾಳಿ ವಾಪಸು ಒಳಗೆ. ನಡುನಡುವೆ ಇಳಿದು ಮೇಲಿನ ಡಬ್ಬಿಗೆ ಹೊಸ ಎಣ್ಣೆ ಹಾಕಬೇಕು, ಅದು ಬರಿದಾಗಬಾರದು. ಒಂದೂವರೆ ಗಂಟೆ ಹೀಗೆ. ಮೊದಲು ಚಹಾದ ಡಿಕಾಕ್ಷನ್ನಿನಂತೆ ಬರುತ್ತಿದ್ದ ಎಣ್ಣೆ ಕೊನೆಗೆ ತಿಳಿಯಾಯಿತು. ಪೆಡಲು ನನ್ನ ಕಾಲಿನ ಕೆಳಗೆ ಗಟ್ಟಿಯಾಯಿತು. ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಲು ಹೇಳಿ, ಸಾಹೇಬರು ಪ್ರತಿ ತುದಿಯನ್ನೂ ಒಣಬಟ್ಟೆಯಲ್ಲಿ ಒರೆಸಿ ನೋಡಿದರು. ಎಲ್ಲೂ ಒದ್ದೆಯಿಲ್ಲ. ಚಕ್ರ ತಿರುಗಿಸಿದರೆ ತಿರುಗುತ್ತಲೇ ಇತ್ತು.

ಬಿಚ್ಚಿದ ಎಡಗಡೆಯ ಹೋಸನ್ನು ಅವರು ಗರಗಸದಲ್ಲಿ ಉದ್ದಕ್ಕೆ ಸೀಳಿದರು. ಒಳಗೊಂದು ರಬ್ಬರು, ಅದರ ಮೇಲೆ ಜಡೆಯಂತೆ ಹೆಣೆದ ನೂಲು, ಅದರ ಮೇಲೆ ಮತ್ತೆ ರಬ್ಬರು. ಬೆಂಕಿಕಡ್ಡಿ ಹೋಗುವಷ್ಟು ಇರಬೇಕಾದ ತೂತು ಒಂದು ಕಡೆ ಸೂಜಿಯೂ ಹೋಗದಷ್ಟು ಕಟ್ಟಿತ್ತು. ಒಳಪದರ ನಾಲಿಗೆಯಂತೆ ಎದ್ದು ನಿಂತಿತ್ತು. ಸಾಹೇಬರು ಅದನ್ನು ನನಗೆ ಕೊಡಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅತ್ತೆಯ ಹತ್ತಿರ ಹೋಗಿ, "ನೋಡಿ ದೊಡ್ಡಮ್ಮ" ಎಂದು ಕೈಗಿಟ್ಟರು. ಅತ್ತೆ ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಉಗುರಿನಿಂದ ಆ ನಾಲಿಗೆಯನ್ನು ಎತ್ತಿ, ಬಿಟ್ಟು, ಮತ್ತೆ ಎತ್ತಿ ನೋಡಿದರು.

"ಇದು ಅವರು ಇದ್ದಾಗಿನದ್ದಾ?" ಎಂದು ಕೇಳಿದರು.

"ಹೌದು ದೊಡ್ಡಮ್ಮ. ಕೊನೇ ಸಲ ಅವರೇ ಹಾಕಿಸಿದ್ದು. ನಾನೇ ಹಾಕಿದ್ದೆ."

ಅತ್ತೆ ಅದನ್ನು ಸೆರಗಿನ ತುದಿಯಲ್ಲಿ ಒರೆಸಿ ಒಳಗೆ ಒಯ್ದರು. ಎಲ್ಲಿಟ್ಟರೋ ನಾನು ಕೇಳಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ, "ಹೊಸಾ ಹುಡುಗಿಯನ್ನ ಒಮ್ಮೆ ನೋಡಿ ಬರುವಾ. ಮಳೆ ಶುರುವಾಗುವ ಮೊದಲು" ಎಂದರು. ಹೊಸ ಹುಡುಗಿ ಎಂದರೆ ಮದುವೆಯಾದ ಮೊಮ್ಮಗಳು. ಮರುವಾರವೇ ಘಾಟಿ ಇಳಿದೆವು. ನಾನು ಓಡಿಸಿದೆ. ಸೋಮೇಶ್ವರದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಎಲ್ಲದಕ್ಕೂ ಒಂದೇ ಕಾವು.

ಈಗ ಗ್ಯಾಸಿನ ಟ್ಯೂಬಿನ ತಾರೀಖು ಬರೆದಿಟ್ಟಿರುವ ಕ್ಯಾಲೆಂಡರಿನ ಪಕ್ಕದಲ್ಲೇ ಹೋಸುಗಳದ್ದೂ ಬರೆದಿದ್ದೇನೆ. ಆರು ತಿಂಗಳಿಗೊಮ್ಮೆ ನೋಡುವುದು, ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸುವುದು. ಇದನ್ನು ನೋಡಿದ ಪಕ್ಕದ ಮನೆಯ ಟೀಚರು ಮೊನ್ನೆ ಭಾನುವಾರ ತಮ್ಮ ಹಳೆಯ ಮಾರುತಿ 800ನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿ, "ನಮ್ಮದನ್ನೂ ಒಮ್ಮೆ ಬಗ್ಗಿ ನೋಡ್ತೀರಾ?" ಎಂದರು. ಎಡಗಡೆಯದು ಚೆನ್ನಾಗಿತ್ತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಬಲಗಡೆಯದು ಟೈರಿಗೆ ಉಜ್ಜುತ್ತಿತ್ತು. ಯಾರೋ ಹಾಕುವಾಗ ತಿರುಚಿ ಹಾಕಿದ್ದಾರೆ. ಮೇಲಿನ ರಬ್ಬರು ಸವೆದು ಜಡೆಯ ನೂಲು ಬೆಳ್ಳಗೆ ಕಾಣುತ್ತಿತ್ತು. ಕಾರು ಇಲ್ಲೇ ಇರಲಿ ಎಂದು ಹೇಳಿ ಸಾಹೇಬರಿಗೆ ಫೋನು ಮಾಡಿದೆ. "ಮಾರುತಿನಾ?" ಎಂದು ಸ್ವಲ್ಪ ಹೊತ್ತು ಯೋಚಿಸಿ, "ಸರಿ, ಬರ್ತೀನಿ" ಎಂದರು. ಒಳಗಿನಿಂದ ಅತ್ತೆ ಕೇಳಿದರು, "ಸಾಹೇಬರು ಬರ್ತಾರಂತಾ? ಚಾಕ್ಕೆ ಇನ್ನೊಂದು ಲೋಟ ನೀರಿಡಲಾ?"